ಒಕ್ಕಣ್ಣ ಕಲಿತದ್ದು

ಅಮ್ಮನ ಎಡಗೈ ಸುಮ್ಮನೆ ಎದೆಯ ಮೇಲೆ ಕೂತಿತು. ಬಲಗೈಯದೇ ಹಟ. ತೋರುಬೆರಳು, ನಡುಬೆರಳು ಎರಡೂ ನೆಟ್ಟಗೆ ಸೆಟೆದಿದ್ದವು. ಮಗಳು ಮೆಲ್ಲಗೆ ಅದುಮಿದಳು, ಮಣಿಯಲಿಲ್ಲ.

“ಬಿಟ್ಬಿಡೇ,” ಎಂದಳು ಚಿಕ್ಕಮ್ಮ. “ಬದುಕಿದ್ದಾಗಲೇ ಯಾರ ಮಾತೂ ಕೇಳಿದವಳಲ್ಲ, ಈಗ ನಿನ್ನ ಮಾತು ಕೇಳ್ತಾಳಾ?”

ಅಳುತ್ತಿದ್ದವರಲ್ಲಿ ಇಬ್ಬರು ನಕ್ಕು, ನಕ್ಕಿದ್ದಕ್ಕೆ ನಾಚಿ ಮತ್ತೆ ಅತ್ತರು.

ಎರಡು ಗಂಟೆಗೆ ಶವ ಒಯ್ಯುವ ಗಾಡಿ ಬರುವುದಿತ್ತು. ಅಷ್ಟರಲ್ಲಿ ಹಸುಗೂಸುಗಳ ವಾರ್ಡಿನ ಡಾಕ್ಟರು ಬಂದರು. ಹಿಂದೆಯೇ ಕಿರಿಯ ನರ್ಸು. ಅಮ್ಮ ಮೂವತ್ತೊಂದು ವರ್ಷ ದುಡಿದದ್ದು ಅದೇ ವಾರ್ಡಿನಲ್ಲಿ. ಅಲ್ಲಿ ಎಲ್ಲರಿಗೂ ಅವಳು ದೊಡ್ಡಕ್ಕ. ಮಗಳಿಗೆ ಅದೇ ಆಸ್ಪತ್ರೆಯ ಕಂಪ್ಯೂಟರ್ ಕೋಣೆಯಲ್ಲಿ ಕೆಲಸ.

“ನಿಮ್ಮಮ್ಮ ಎಲ್ಲೂ ಹೋಗಿಲ್ಲಮ್ಮ,” ಎಂದರು ಡಾಕ್ಟರು. “ನೀನು ಮಾಡಿದ ಯಂತ್ರದಲ್ಲಿ ಅವರ ಕಣ್ಣಿದೆ. ಮುಂದಿನ ತಿಂಗಳು ಇನ್ನೂ ಆರು ಆಸ್ಪತ್ರೆಗೆ ಹೋಗ್ತದೆ. ಅವರ ಹೆಸರೇ ಇಡೋಣ.”

ಯಂತ್ರವೆಂದರೆ ತೊಟ್ಟಿಲುಗಳ ಮೇಲಿನ ಕ್ಯಾಮೆರಾ, ಅದರ ಹಿಂದೊಂದು ಕೃತಕ ಬುದ್ಧಿ. ಕೂಸಿಗೆ ಫಿಟ್ಸ್ ಬಂದರೆ ಗುರುತಿಸಿ ಗಂಟೆ ಬಾರಿಸಬೇಕು. ಅಮ್ಮ ಅದಕ್ಕೆ ಇಟ್ಟ ಹೆಸರು ಒಕ್ಕಣ್ಣ.

“ಒಕ್ಕಣ್ಣನಿಗೂ ದುಃಖ ಆಗಿದೆ,” ನರ್ಸು ಮೂಗು ಒರೆಸಿಕೊಂಡಳು. “ದೊಡ್ಡಕ್ಕ ಹಾಸಿಗೆ ಹಿಡಿದು ಹನ್ನೆರಡು ದಿನ. ಅವತ್ತಿಂದ ಬಾಯೇ ಬಿಟ್ಟಿಲ್ಲ.”

“ಮಕ್ಕಳು ಚೆನ್ನಾಗಿವೆ ಅಂತಲ್ಲವೇನಮ್ಮ ಅರ್ಥ?”

“ಕಿಟಕಿ ಪಕ್ಕದ ಕೂಸಿಗೆ ಮೊನ್ನೆ ಬಂದಿತ್ತಲ್ಲ ಸಾರ್. ನಾವು ನೋಡೋ ಹೊತ್ತಿಗೆ ತುಟಿ ನೀಲಿ. ಅದಕ್ಕಿನ್ನೂ ಸರಿಯಾಗಿ ಎಚ್ಚರವಿಲ್ಲ. ಒಕ್ಕಣ್ಣ ಕಮಕ್ ಕಿಮಕ್ ಅನ್ನಲಿಲ್ಲ.”

ಮಗಳು ಅಮ್ಮನ ಬೆರಳುಗಳನ್ನೇ ನೋಡುತ್ತ ಕೂತಳು.

*

“ಕಾಲು ನಡುಗಿತು ಅಂತ ಗಾಬರಿ ಬೀಳಬಾರದು ಕಣೇ. ಹೀಗೆ ಎರಡು ಬೆರಳಿಟ್ಟು ಹಿಡಿ. ನಿಂತುಹೋದರೆ ಬರೀ ನಡುಕ. ಬೆರಳ ಕೆಳಗೂ ಹೊಡ್ಕೋತಾ ಇದ್ದರೆ ಫಿಟ್ಸು,” ಎಂದು ಅಮ್ಮ ಹಿಂದೆ ವಾರ್ಡಿನಲ್ಲಿ ಮಗಳಿಗೆ ತೋರಿಸಿಕೊಟ್ಟಿದ್ದಳು.

ಬರೀ ನಡುಕವಾದರೆ ಅಮ್ಮ ಕೈ ತಕ್ಷಣ ತೆಗೆಯುತ್ತಿದ್ದಳು. ಫಿಟ್ಸಾದರೆ ಡಾಕ್ಟರು ಬರುವ ತನಕ ತೆಗೆಯುತ್ತಿರಲಿಲ್ಲ. ಎರಡು ವರ್ಷದ ವಿಡಿಯೋಗಳನ್ನು ಕತ್ತರಿಸಿ, ಇದು ಫಿಟ್ಸು, ಇದಲ್ಲ ಎಂದು ಅಮ್ಮ ಹೇಳಿದಂತೆ ಗುರುತು ಹಾಕಿ ಯಂತ್ರಕ್ಕೆ ಉಣಿಸಿದವಳು ಮಗಳೇ.

ಒಕ್ಕಣ್ಣ ಮೊದಲ ಸಲ ಸರಿಯಾಗಿ ಗಂಟೆ ಬಾರಿಸಿದ ದಿನ ವಾರ್ಡೆಲ್ಲ ಚಪ್ಪಾಳೆ. ಅಮ್ಮ ಮಾತ್ರ ಹುಬ್ಬೇರಿಸಿದ್ದಳು.

“ನಾನು ಮುಟ್ಟಿದ ಮೇಲೇ ಕೂಗ್ತದಲ್ಲೇ ನಿನ್ನ ಒಕ್ಕಣ್ಣ?”

“ನಿನ್ನಷ್ಟು ಚುರುಕಿಲ್ಲ ಬಿಡಮ್ಮ, ಅಷ್ಟೇ,” ಎಂದು ಮಗಳು ನಕ್ಕುಬಿಟ್ಟಿದ್ದಳು.

*

“ವಾರ್ಡಿಗೆ ಫೋನ್ ಮಾಡಿ,” ಎಂದಳು ಮಗಳು. ಅಷ್ಟು ಜನರ ನಡುವೆ ಅವಳ ದನಿ ಅವಳಿಗೇ ಹೊಸದಾಗಿ ಕೇಳಿತು.

ನರ್ಸು ಗಲಿಬಿಲಿಗೊಂಡು ಫೋನು ಹಚ್ಚಿ, ಎಲ್ಲರಿಗೂ ಕೇಳುವಂತೆ ಹಿಡಿದಳು. ಆ ಕಡೆ ಡ್ಯೂಟಿಯಲ್ಲಿದ್ದ ಹುಡುಗಿ.

“ಚೆನ್ನಾಗಿರೋ, ಹಾಯಾಗಿ ಮಲಗಿರೋ ಕೂಸಿನ ಕಾಲ ಮೇಲೆ ಎರಡು ಬೆರಳಿಡಿ. ಅಮ್ಮ ಇಡ್ತಿದ್ದ ಹಾಗೆ. ಇಪ್ಪತ್ತು ಎಣಿಸೋವರೆಗೂ ತೆಗೀಬೇಡಿ.”

ಫೋನಿನಲ್ಲಿ ಎಣಿಕೆ ಶುರುವಾಯಿತು. ಚಿಕ್ಕಮ್ಮ ಏನೆಂದು ಸನ್ನೆಯಲ್ಲೇ ಕೇಳಿದಳು. ಹದಿಮೂರು, ಹದಿನಾಲ್ಕು...

ಗಂಟೆ ಮೊಳಗಿತು.

“ಮಗು?” ಡಾಕ್ಟರು ಮುಂದೆ ಬಾಗಿದರು.

“ಏನೂ ಆಗಿಲ್ಲ ಸಾರ್. ನಿದ್ದೆ ಮಾಡ್ತಿದೆ.”

“ಅದು ಫಿಟ್ಸ್ ನೋಡಿ ಕೂಗ್ತಿರಲಿಲ್ಲ ಸಾರ್. ಅಮ್ಮನ ಕೈ ನೋಡಿ ಕೂಗ್ತಿತ್ತು,” ಎಂದಳು ಮಗಳು. “ಫಿಟ್ಸಿನ ವಿಡಿಯೋಗಳಲ್ಲೆಲ್ಲ ಆ ಎರಡು ಬೆರಳು ಕಾಲ ಮೇಲೇ ಇದ್ದವು. ನಾನು ಕಲಿಸಿದ್ದೇ ಅದನ್ನ.”

ಡಾಕ್ಟರು ಶವದ ಕಡೆ ನೋಡಿ ದನಿ ತಗ್ಗಿಸಿದರು. “ಇವತ್ತು ಇದೆಲ್ಲ ಯಾಕಮ್ಮ? ಅವರ ಹೆಸರು ಬೇರೆ...”

“ಹೆಸರು ಬೇಡ. ಇದನ್ನ ಹಾಕಿಸ್ಕೋಬೇಡಿ ಅಂತ ಆರು ಆಸ್ಪತ್ರೆಗೂ ಈಗಲೇ ಹೇಳಿಬಿಡಿ. ನಮ್ಮಲ್ಲೂ ಗಂಟೆ ನಂಬ್ಕೊಂಡು ಯಾರೂ ಕೂರಬಾರದು, ವಾರ್ಡಿನಲ್ಲಿ ತೊಟ್ಟಿಲ ಹತ್ತಿರವೇ ಜನ ಇರಲಿ.”

ಡಾಕ್ಟರು ತಡವಾಗಿ ತಲೆಯಾಡಿಸಿ, ತಮ್ಮ ಫೋನು ಹಿಡಿದು ಬಾಗಿಲಾಚೆ ಹೋದರು.

ಹೊರಗೆ ಗಾಡಿ ಬಂದು ನಿಂತಿತು. ನರ್ಸಿನ ಕೈಯ ಫೋನಿನಲ್ಲಿ ಗಂಟೆ ಇನ್ನೂ ಮೊಳಗುತ್ತಲೇ ಇತ್ತು.

“ಅಕ್ಕಾ, ಕೈ ತೆಗೀಲಾ?” ಎಂದಿತು ಫೋನು.

ಮಗಳು ಬಿಳಿ ಬಟ್ಟೆಯನ್ನು ಅಮ್ಮನ ಎದೆಯವರೆಗೆ ಎಳೆದಳು. ಎಷ್ಟು ಸವರಿದರೂ ಆ ಎರಡು ಬೆರಳು ಬಟ್ಟೆಯ ಕೆಳಗಿಂದ ಎದ್ದು ಕಾಣುತ್ತಿದ್ದವು.