ಗಾರ್ಡ್ ಉಳವಪ್ಪನವರ ಮೀಟರ್‌ಗೇಜು

ಉಳವಪ್ಪನವರು ಹಿಂದಿರುಗಿ ನೋಡದೆ ಹತ್ತು ಹೆಜ್ಜೆ ನಡೆದುದನ್ನು ಖಾನಾಪುರದಲ್ಲಿ ಕಂಡವರಿಲ್ಲ. ಸಂತೆಗೆ ಹೊರಟಿರಲಿ, ಬಸವಣ್ಣನ ಗುಡಿಗೆ ಹೊರಟಿರಲಿ, ನೆಲವೇ ತೂಗುತ್ತಿದೆಯೋ ಎಂಬಂತೆ ಕಾಲುಗಳನ್ನು ಅಗಲಿಸಿ ಊರುತ್ತ ಹೋಗುವ ಆ ಎತ್ತರದ ವೃದ್ಧರು ಇದ್ದಕ್ಕಿದ್ದಂತೆ ನಿಂತು, ಕತ್ತು ಹೊರಳಿಸಿ, ಬಂದ ದಾರಿಯನ್ನು ಒಮ್ಮೆ ದಿಟ್ಟಿಸಿ, ಸಮಾಧಾನವಾದ ಮೇಲೆಯೇ ಮುಂದಿನ ಹೆಜ್ಜೆ ಇಡುವರು. ಆಯುಷ್ಯದ ಬಹುಭಾಗವನ್ನು ರೈಲಿನ ಕೊನೆಯ ಡಬ್ಬಿಯಲ್ಲಿ ಗಾರ್ಡ್ ಆಗಿ ಕಳೆದವರು ಅವರು. ಮಡದಿ ಕಾಂತವ್ವನವರು ಈ ಚಾಳಿಯ ಮಾತು ಬಂದಾಗಲೆಲ್ಲ ಸೆರಗು ಬಾಯಿಗಿಟ್ಟು ನಗುತ್ತಿದ್ದರು. "ಹೊಸದಾಗಿ ಮದಿವ್ಯಾದಾಗ ನನ್ನ ನೋಡಾಕತ್ತಾರ ಅಂತ ತಿಳಕೊಂಡಿದ್ನಿ. ಆಮ್ಯಾಲ ಗೊತ್ತಾತು, ಕಡೀ ಡಬ್ಬಿ ಬಂತೋ ಇಲ್ಲೋ ಅಂತ ನೋಡ್ತಿದ್ರು."

ನಿವೃತ್ತಿಯಾದರೂ ರೈಲ್ವೆಯ ಕಪ್ಪು ಕೋಟು ಅವರ ಮೈ ಬಿಟ್ಟಿರಲಿಲ್ಲ. ಮೊಣಕೈಯಲ್ಲಿ ಸವೆದು ಹೊಳಪೇರಿದ ಆ ಕೋಟಿನ ಗುಂಡಿಗಳನ್ನು ಮಾತ್ರ ಹುಣಸೆಹಣ್ಣು ಹಚ್ಚಿ ತಿಕ್ಕಿ ಬಂಗಾರದಂತೆ ಇಟ್ಟುಕೊಳ್ಳುತ್ತಿದ್ದರು. ಮಾತಿನ ಕೊನೆಗೆ "ಆಲ್‌ರೈಟ್ ಐತಿ" ಎಂದು ಹಸಿರು ನಿಶಾನೆ ತೋರಿಸಿದ ಹಾಗೆ ಹೇಳದಿದ್ದರೆ ಅವರ ಮಾತು ಮುಗಿಯಿತೆಂದು ನಾವು ಯಾರೂ ನಂಬುತ್ತಿರಲಿಲ್ಲ. ಊಟವಾದ ಮೇಲೂ ಅದೇ, ಹೆಣದ ಮನೆಯಿಂದ ಮಣ್ಣು ಮುಗಿಸಿ ಬಂದ ಮೇಲೂ ಅದೇ.

ಮಗಳು ಸಮೃದ್ಧಿಯ ಓದಿಗೆಂದು ಕೊಂಡ ಕಂಪ್ಯೂಟರೊಂದು ಅವರ ಪಡಸಾಲೆಯಲ್ಲಿತ್ತು. ಮಗಳು ಲಗ್ನವಾಗಿ ಬೆಳಗಾವಿಗೆ ಹೋಗುವ ಮುನ್ನ, ಅಪ್ಪನಿಗೆ ಬೇಸರ ಕಳೆಯಲೆಂದು ಅದರಲ್ಲಿ ರೈಲು ಓಡಿಸುವ ಆಟವೊಂದನ್ನು ಹಾಕಿಕೊಟ್ಟಿದ್ದಳು. ಪರದೇಶದ ರೈಲುಗಳನ್ನು ಓಡಿಸುವುದರಲ್ಲಿ ಉಳವಪ್ಪನವರಿಗೆ ಆಸಕ್ತಿ ಹುಟ್ಟಲಿಲ್ಲ. ಆದರೆ ಆ ಆಟದೊಳಗೆ ನಮಗೆ ಬೇಕಾದ ಹಳಿಯನ್ನು ನಾವೇ ಹಾಸಿಕೊಳ್ಳುವ ಸೌಕರ್ಯವಿದೆಯೆಂದು ತಿಳಿದ ದಿನದಿಂದ ಅವರು ಬೇರೆಯೇ ಮನುಷ್ಯರಾದರು. ಬೆಳಗಾವಿಯಿಂದ ಲೋಂಡಾದವರೆಗಿನ ಮಾರ್ಗವನ್ನು, ಬ್ರಾಡ್‌ಗೇಜು ಬರುವುದಕ್ಕೆ ಮುಂಚೆ ಅದು ಹೇಗಿತ್ತೋ ಹಾಗೆ, ವರ್ಷಗಟ್ಟಲೆ ಕೂತು ಕಟ್ಟಿದರು. ದೇಸೂರಿನ ತಿರುವು, ಇದಲಹೊಂಡದ ಕೆಂಪು ಹೆಂಚಿನ ಸ್ಟೇಷನ್ನು, ಮಲಪ್ರಭೆಯ ಸೇತುವೆ, ಗುಂಜಿಯ ಕಾಡಂಚು, ಪ್ಲಾಟ್‌ಫಾರ್ಮಿನ ಹುಣಸೆಮರದ ಕೆಳಗೆ ಚಹಾದ ಕಿಟ್ಲಿ ಹಿಡಿದು ನಿಂತ ಮನುಷ್ಯನ ಸಮೇತ.

ಖಾನಾಪುರಕ್ಕೂ ಗುಂಜಿಗೂ ನಡುವೆ ಒಂದು ರೈಲ್ವೆ ಗೇಟಿನ ಮನೆಯನ್ನೂ ಆ ಆಟದೊಳಗೆ ಕಟ್ಟಿದ್ದರು. ಗೇಟು ಕಾಯುತ್ತಿದ್ದ ಬಸಲಿಂಗಪ್ಪ ಜ್ವರ ಬಂದು ಮಲಗಿದ ಒಂದು ಮುಂಜಾನೆ, ಅಪ್ಪನ ಬದಲು ಹಸಿರು ನಿಶಾನೆ ಹಿಡಿದು ನಿಂತಿದ್ದ ಮಗಳು ಕಾಂತವ್ವನನ್ನು ಕೊನೆಯ ಡಬ್ಬಿಯಿಂದ ಕಂಡ ತರುಣ ಗಾರ್ಡು ಉಳವಪ್ಪ ಮುಂದೆ ಆಕೆಯನ್ನೇ ಕೈಹಿಡಿದದ್ದು. ಅಗಲ ಹಳಿ ಬಂದಾಗ ಆ ಗೇಟು ಮುಚ್ಚಿತು, ಮನೆ ಕೆಡವಿದರು, ಈಗ ಅಲ್ಲಿ ಬರೀ ಮುಳ್ಳುಕಂಟಿ. ಅದರ ಒಂದು ಫೋಟೋ ಕೂಡ ಯಾರ ಬಳಿಯೂ ಇರಲಿಲ್ಲ. ಕಾಂತವ್ವನವರು ಮಾತ್ರ ಕಂಪ್ಯೂಟರಿನ ಹತ್ತಿರ ಸುಳಿದದ್ದನ್ನು ನಾವು ಕಂಡಿರಲಿಲ್ಲ. "ಆ ಪೆಟ್ಟಿಗಿ ಮುಂದ ಕುಂತ್ರ ಕಣ್ಣಾಗ ನೀರ ಬರತಾವು" ಎನ್ನುತ್ತಿದ್ದರು. ಪರದೆಯ ಬೆಳಕು ಚುಚ್ಚುತ್ತದೆಂದು ನಾವು ತಿಳಿದಿದ್ದೆವು.

ಈ ಮಳೆಗಾಲದಲ್ಲಿ ಕರೆಂಟು ಹೋಗಿ ಬಂದು ಮಾಡುತ್ತಿದ್ದ ಒಂದು ದಿನ ಆ ಯಂತ್ರ ಏಳಲಿಲ್ಲ. ನೆರೆಮನೆಯವನಾದ ನನ್ನನ್ನು ಕರೆದರು. ಗುಂಡಿ ಒತ್ತಿದರೆ ಪಂಖ ತಿರುಗುತ್ತಿತ್ತು, ಕಪ್ಪು ಪರದೆಯ ಮೇಲೆ ಬಿಳಿ ಅಕ್ಷರದ ಒಂದು ಸಾಲು ಮೂಡಿ ಅಲ್ಲೇ ನಿಂತುಬಿಡುತ್ತಿತ್ತು, ಒಳಗಿನಿಂದ ಟಕ್ ಟಕ್ ಎಂಬ ಸದ್ದು.

"ಒಳಗ ಏನೋ ಬಡಕೊಳ್ಳಾಕತ್ತೈತ್ರಿ," ಎಂದರು ಉಳವಪ್ಪನವರು. ಆ ಮಾತಿನ ಕೊನೆಗೆ ಎಂದಿನ ಆಲ್‌ರೈಟ್ ಇರಲಿಲ್ಲ.

ಊರಿನ ಅಂಗಡಿಯವನು ನೋಡಿ, ಎಲ್ಲ ಅಳಿಸಿ ಹೊಸದಾಗಿ ತುಂಬಿದರೆ ಓಡುತ್ತದೆ ಎಂದ. ಅವರು ಪೆಟ್ಟಿಗೆಯನ್ನು ಎತ್ತಿಕೊಂಡು ಮನೆಗೆ ಬಂದರು. ಮುಂದಿನ ವಾರವೆಲ್ಲ ಮುಂಜಾನೆ ಸಂಜೆ ದೇವರಿಗೆ ದೀಪ ಹಚ್ಚಿದಷ್ಟೇ ನಿಷ್ಠೆಯಿಂದ ಗುಂಡಿ ಒತ್ತಿ, ಆ ಬಿಳಿಯ ಸಾಲನ್ನು ನೋಡುತ್ತ ಕೂರುವುದು, ಆರಿಸುವುದು. ನೋಡಲಾರದೆ ನಾನು, "ಮತ್ತೊಮ್ಮೆ ಕಟ್ಟಿದರಾಯ್ತಲ್ಲ" ಎಂದುಬಿಟ್ಟೆ.

ಅವರು ಯಂತ್ರ ಆರಿಸಿ ನನ್ನ ಕಡೆ ಹೊರಳಿದರು. "ಕಟ್ಟಾಕ ನೆನಪ ಬೇಕಲ್ರೀ," ಎಂದರು. "ನೆನಪ ಎಲ್ಲಾ ತಗದು ಅದರಾಗ ಇಟ್ನಿ. ಇಟ್ಟಮ್ಯಾಲ ನಿಶ್ಚಿಂತಿ ಆತು. ಈಗ ತಲಿಯೊಳಗ ಹುಡಿಕಿದ್ರ ಸಿಗವಲ್ದು."

ಮರುದಿನ ಅವರ ಜೊತೆ ಬೆಳಗಾವಿಯ ರೈಲು ಹತ್ತಿದೆ. ಕಾಂತವ್ವನವರು ಕೌದಿಯೊಂದರಲ್ಲಿ ಸುತ್ತಿಕೊಟ್ಟ ಪೆಟ್ಟಿಗೆಯನ್ನು ಅವರು ದಾರಿಯುದ್ದಕ್ಕೂ ತೊಡೆಯ ಮೇಲಿಂದ ಇಳಿಸಲಿಲ್ಲ. ಟಿಳಕವಾಡಿಯ ಎರಡನೇ ರೈಲ್ವೆ ಗೇಟಿನ ಸಮೀಪ ಪ್ರಮಿಳಾ ಎಂಬುವರ ರಿಪೇರಿ ಅಂಗಡಿಯಿದೆಯೆಂದು ಸಮೃದ್ಧಿ ಹೇಳಿದ್ದಳು. ಪ್ರಮಿಳಾ ಪೆಟ್ಟಿಗೆಗೆ ಕಿವಿ ಹಚ್ಚಿ ಆಲಿಸಿ, ಕೂಡಲೇ ವೈರು ಕಿತ್ತರು.

"ಅಜ್ಜಾರ, ಕೆಟ್ಟಮ್ಯಾಲ ಇದನ್ನ ಎಷ್ಟ ಸಲಾ ಚಾಲೂ ಮಾಡೀರಿ?"

"ದಿನಾ. ಮುಂಜಾನಿ, ಸಂಜಿ."

"ಇನ್ನ ಮಾಡಬ್ಯಾಡ್ರಿ. ಚಾಲೂ ಮಾಡಿದಾಂಗ ಒಳಗಿನ ಡಿಸ್ಕ್ ಸವೀತೈತಿ." ಅವರ ಮುಖ ಕಂದಿದ್ದನ್ನು ಕಂಡು, ದನಿ ತಗ್ಗಿಸಿ, "ಆ ಡಿಸ್ಕ್ ತಗದು ನನ್ನ ಮಶೀನಿಗೆ ಹಚ್ಚತೀನಿ. ನಿಧಾನಕ ಬಂದಷ್ಟು ಬರಲಿ. ಎಲ್ಲಾ ಬರತೈತಿ ಅಂತ ಮಾತ ಕೊಡೂದಿಲ್ಲ" ಎಂದರು.

ಬಂದಷ್ಟು ಬರುವುದಕ್ಕೆ ಹಲವು ದಿನ ಹಿಡಿಯಿತು. ಉಳವಪ್ಪನವರು ಖಾನಾಪುರದಿಂದ ಬಂದು ಅಂಗಡಿಯ ಬೆಂಚಿನ ಮೇಲೆ ಕೂರುವರು, ಗೇಟು ಬಿದ್ದು ಗಾಡಿ ಹಾಯುವಾಗ ಎದ್ದು ಕೋಟು ಸರಿಪಡಿಸಿಕೊಂಡು ನೆಟ್ಟಗೆ ನಿಲ್ಲುವರು, ಗಾಡಿ ಹೋದ ಮೇಲೆ ಒಳಗೆ ಬಗ್ಗಿ, "ಗುಂಜಿ ಬಂತೇನವಾ?" ಎಂದು ಕೇಳುವರು. ಮಂದಿ ಮದುವೆಯ ಫೋಟೋ ಸಿಕ್ಕವೇ ಎಂದು ಕೇಳುವುದನ್ನಷ್ಟೇ ಬಲ್ಲ ಪ್ರಮಿಳಾ ಮೊದಲು ತಬ್ಬಿಬ್ಬಾದರು. ಆಮೇಲೆ ಆ ಭಾಷೆ ಅವರಿಗೂ ರೂಢಿಯಾಯಿತು. "ಈಗ ದೇಸೂರ ದಾಟೇತ್ರಿ ಅಜ್ಜಾರ. ಚಹಾ ಕುಡೀರಿ."

ಕೊನೆಗೆ ಬಂದದ್ದು ಹಳಿ, ಸಿಗ್ನಲ್ಲು, ಸ್ಟೇಷನ್ನುಗಳ ಕಟ್ಟೆಗಳು, ಅಷ್ಟೇ. ಮರ, ಮನೆ, ಮನುಷ್ಯರು, ಹೊಳೆಯ ನೀರು ಎಲ್ಲ ಡಿಸ್ಕಿನ ಸವೆದ ಭಾಗದಲ್ಲಿದ್ದವಂತೆ. ಅವನ್ನು ಯಾವ ಯಂತ್ರವೂ ಓದಲಾರದು ಎಂದು ಪ್ರಮಿಳಾ ತಲೆ ತಗ್ಗಿಸಿ ಹೇಳಿದರು. ಹೊಸ ಡಿಸ್ಕು ಕೂರಿಸಿದ ಪೆಟ್ಟಿಗೆ ಅದೇ ಕೌದಿಯಲ್ಲಿ ಮನೆಗೆ ಮರಳಿತು.

ಮಳೆ ಹೊಳವಾದ ಒಂದು ಮಧ್ಯಾಹ್ನ ಅವರು ಪರದೆಯ ಮೇಲೆ ಗಾಡಿ ಬಿಟ್ಟರು. ನಾನು ಪಕ್ಕದಲ್ಲಿದ್ದೆ. ಬೂದಿಬಣ್ಣದ ಬಯಲು, ಅದರ ನಡುವೆ ಎರಡು ಗೆರೆ. ಸೂರಿಲ್ಲದ ಇದಲಹೊಂಡದಲ್ಲಿ ಗಾಡಿ ನಿಂತಿತು, ಹತ್ತುವವರಿಲ್ಲದೆ ಹೊರಟಿತು. ನೀರಿಲ್ಲದ ಹೊಳೆಯ ಮೇಲಿನ ಸೇತುವೆ ದಾಟಿತು. ಖಾನಾಪುರ ಹಿಂದೆ ಬಿದ್ದ ಮೇಲೆ ಉಳವಪ್ಪನವರು ವೇಗ ತಗ್ಗಿಸಿ, ಬಯಲಿನಲ್ಲಿ ನಿಲ್ಲಿಸಿ, "ಇಲ್ಲೇ ಎಲ್ಲೋ…" ಎಂದು ಕಣ್ಣು ಕಿರಿದು ಮಾಡಿದರು.

"ಇನ್ನೂ ಮುಂದ ಹೋಗ್ರಿ," ಎಂಬ ದನಿ ಹಿಂದಿನಿಂದ ಬಂತು. ಕಾಂತವ್ವನವರು ರೊಟ್ಟಿ ಬಡಿಯುವುದನ್ನು ಬಿಟ್ಟು, ಹಿಟ್ಟಿನ ಕೈಯಲ್ಲೇ ಬಾಗಿಲಲ್ಲಿ ನಿಂತಿದ್ದರು. "ಆ ತಿರುವು ಮುಗೀಲಿ. ಹಾಂ, ಇಲ್ಲಿ ನಿಲ್ಲಸ್ರಿ." ಹತ್ತಿರ ಬಂದು ಪರದೆಯ ಮೇಲೆ ಬೆರಳಿಟ್ಟರು. "ನೀವು ಯಾವಾಗ್ಲೂ ಎಡಕ್ಕ ಇಡ್ತಿದ್ರಿ. ಮನಿ ಬಲಕ್ಕಿತ್ತು. ಎಡಕ್ಕಿದ್ದದ್ದು ಬಾವಿ."

ಉಳವಪ್ಪನವರು ಕುರ್ಚಿಯಲ್ಲೇ ಹೊರಳಿದರು. "ನಾ ಲೋಂಡಾದಿಂದ ಹೊಳ್ಳಿ ಬರೂ ಮುಂದ ನೋಡ್ತಿದ್ನಿ. ಅದಕ್ಕ ಎಡಕ್ಕ ಅಂತ ಉಳೀತು." ಕೂಡಲೇ ಕೇಳಿದರು, "ಎಡಕ್ಕ ಇಟ್ಟಿದ್ದು ನಿನಗ ಹ್ಯಾಂಗ ಗೊತ್ತು?"

"ಅಲ್ಲೇ ಗಾಡಿ ನಿಲ್ಲಿಸಿ ನೀವು ಸಂತಿಗೆ ಹೋಗ್ತಿದ್ರಲ್ಲ. ಆವಾಗ ಇದರ ಮುಂದ ಕುಂದರತಿದ್ನಿ."

"ಹೇಳಲಿಲ್ಲಲ್ಲ ಮತ್ತ."

"ಏನಂತ ಹೇಳೂದ್ರಿ. ಬಾವಿ ಇಲ್ಲದ ಮನಿ ಆದ್ರೂ ನಮ್ಮಪ್ಪನ ಮನಿ ಅಂತ ನೋಡ್ತಿದ್ನಿ." ಆಮೇಲೆ, ಯಾರೂ ಕೇಳದಿದ್ದರೂ, ಬೆರಳನ್ನು ಬಯಲಿನ ಮೇಲೆ ಮೆಲ್ಲಗೆ ಸರಿಸುತ್ತ ಹೋದರು. ಬಾವಿಯ ಬಾಜೂಕ ಹಲಸಿನ ಗಿಡ. ಮನೆಯ ಹಿಂದೆ ಅವ್ವ ಬದನೆ ಹಾಕುತ್ತಿದ್ದ ಮಡಿ. ಕಟ್ಟಿಗೆ ಹೊರೆ ಹೊತ್ತ ಹೆಂಗಸರು ಗಾಡಿ ಹೋಗುವ ತನಕ ಕೂತು ದಣಿವಾರಿಸಿಕೊಳ್ಳುತ್ತಿದ್ದ ಕಲ್ಲು. ಅವರ ಕಣ್ಣಲ್ಲಿ ನೀರಿತ್ತು. ಉಳವಪ್ಪನವರು ಆ ಬೆರಳನ್ನು ಬಿಟ್ಟು ಬೇರೇನನ್ನೂ ನೋಡುತ್ತಿರಲಿಲ್ಲ. ನಾನು ಸದ್ದಾಗದಂತೆ ಎದ್ದು ಹೊರಗೆ ಬಂದೆ.

ಈಗ ಮಧ್ಯಾಹ್ನಗಳಲ್ಲಿ ಮೌಸು ಹಿಡಿಯುವವರು ಕಾಂತವ್ವನವರೇ. ಖಾನಾಪುರದಿಂದ ಗುಂಜಿಯವರೆಗೆ ಒಂದೊಂದೇ ಗಿಡ ಏಳುತ್ತಿದೆ, ಜಗಳದ ಸದ್ದೂ ಆಗೀಗ ನನ್ನ ಕಿಟಕಿಗೆ ಕೇಳುತ್ತದೆ. ಆಚೆ ಲೋಂಡಾದ ಕಾಡು, ಈಚೆ ದೇಸೂರಿನ ತಿರುವು ಬೂದಿಬಣ್ಣದಲ್ಲೇ ಉಳಿದಿವೆ. ಆಕೆ ಕಂಡ ಜಾಗ ಅಷ್ಟೇ. ಚಹಾದ ಕಿಟ್ಲಿಯವನ ಮುಖ ಇಬ್ಬರಿಗೂ ನೆನಪಾಗಿಲ್ಲ.

ಬದುಕಿದ ಜಾಗವೇ ನೆಲದಿಂದ ಅಳಿಸಿಹೋದ ಇಂಥವರನ್ನು ನಾನು ಬೇರೆಡೆಯೂ ಕಂಡಿದ್ದೇನೆ: ಅಣೆಕಟ್ಟಿನ ನೀರಿನಡಿ ಊರು ಬಿಟ್ಟು ಬಂದವರು, ಮುಚ್ಚಿದ ಗಿರಣಿಯ ಕಾರ್ಮಿಕರ ಚಾಳಿನಲ್ಲಿ ಹುಟ್ಟಿದವರು. ಮರಳಿ ಹೋಗುವುದು ಆಗದ ಮಾತೆಂದು ನಮಗಿಂತ ಚೆನ್ನಾಗಿ ಬಲ್ಲವರು ಅವರು. ಆದ್ದರಿಂದಲೇ ಚಿತ್ರದಲ್ಲಿ, ಹಾಡಿನಲ್ಲಿ, ಯಂತ್ರದ ಹೊಟ್ಟೆಯಲ್ಲಿ ಅದನ್ನು ಒಬ್ಬೊಬ್ಬರೇ ಕೂತು ಕಾಪಿಡುತ್ತಾರೆ. ಅವರು ಹಂಬಲಿಸುವುದು ಮಾತ್ರ, ಬಗಲಿಗೆ ಬಂದು ಕೂತು "ಹೌದು, ಇತ್ತು" ಎನ್ನುವ, ಬೇಕಾದರೆ "ಅಲ್ಲಲ್ಲ, ಇಲ್ಲಿತ್ತು" ಎಂದು ವಾದಕ್ಕೆ ನಿಲ್ಲುವ ಇನ್ನೊಂದು ಜೀವಕ್ಕೆ. ಆ ಜೀವ ಅದೇ ಸೂರಿನಡಿ, ಅದೇ ಹಂಬಲವನ್ನು ನುಂಗಿಕೊಂಡು, ಇಷ್ಟು ವರ್ಷ ತಮಗೆ ಊಟಕ್ಕೆ ಬಡಿಸುತ್ತಿತ್ತೆಂಬುದು ಕೆಲವರಿಗೆ ತಡವಾಗಿ ತಿಳಿಯುತ್ತದೆ. ಹೆಚ್ಚಿನವರಿಗೆ ತಿಳಿಯುವುದೇ ಇಲ್ಲ.