ನೋವಿನ ಡಬ್ಬಿ

ಬಟ್ಟೆ ಒಗೆಯುವ ಆ ಕಾರ್ಖಾನೆಯಲ್ಲಿ, ಇಸ್ತ್ರಿ ಮೇಜುಗಳ ಹಿಂದೆ ಒಂದು ಕಪಾಟಿತ್ತು. ಕಪಾಟಿನ ಮೇಲೆ ಬಿಸ್ಕತ್ತಿನ ಹಳೇ ತಗಡಿನ ಡಬ್ಬಿ. ಅದಕ್ಕೆ ಹೆಂಗಸರು ಇಟ್ಟ ಹೆಸರು ನೋವಿನ ಡಬ್ಬಿ. ಯಾರ ಮನೆಯಲ್ಲಿ ಯಾವ ಮಾತ್ರೆ ಉಳಿದರೂ, ಯಾವ ಪುಡಿ ಮಿಕ್ಕರೂ ಅದರೊಳಗೆ ಬೀಳುತ್ತಿತ್ತು. ಸೊಂಟ ಹಿಡಿದವರು, ತೋಳು ಸೆಳೆದವರು ಡಬ್ಬಿಗೆ ಕೈ ಹಾಕಿ, ಸಿಕ್ಕಿದ್ದನ್ನು ನುಂಗಿ, ಮತ್ತೆ ಮೇಜಿಗೆ ಬಂದು ನಿಲ್ಲುತ್ತಿದ್ದರು. ಹೋಟೆಲುಗಳ ಹಾಸಿಗೆ ಚಾದರ ಸಂಜೆಯೊಳಗೆ ಮಡಿಚಿ ಹೋಗಲೇಬೇಕು. ಚಾದರದಲ್ಲಿ ಒಂದು ಸುಕ್ಕು ಬಿದ್ದರೆ ಕೇಳುವವರು ಹತ್ತು ಜನ. ಮಡಿಚುವವಳ ಮಂಡಿ ಸವೆದರೆ ಯಾರೂ ಕೇಳುವುದಿಲ್ಲ.

ಅಲ್ಲಿ ಸೊಸೆ ಇಸ್ತ್ರಿ ಹಾಕುತ್ತಿದ್ದಳು, ಅತ್ತೆ ಮಡಿಚುತ್ತಿದ್ದಳು. ಅತ್ತೆಗೆ ಸಕ್ಕರೆ ಕಾಯಿಲೆ. ಜೊತೆಗೆ ಮಂಡಿನೋವು. ಸಾಲದ್ದಕ್ಕೆ ತಳ್ಳುಗಾಡಿಯ ಚಕ್ರ ತಗುಲಿ ಎಡಗಾಲಿನ ಹೆಬ್ಬೆರಳಿಗೆ ಗಾಯವಾಗಿ, ಅದು ವಾಸಿಯಾಗದೆ ಕೂತಿತ್ತು. ದಿನಾ ಅದನ್ನು ತೊಳೆದು ಬಟ್ಟೆ ಕಟ್ಟುತ್ತಿದ್ದ ಸೊಸೆ ಆ ವಾರ ನೋಡುತ್ತಾಳೆ, ಗಾಯದ ಅಂಚು ಕಪ್ಪಾಗಿದೆ. ಪಕ್ಕದ ಬೀದಿಯ ಕಾವಲುಗಾರನ ಪಾದ ಹೋಗಿದ್ದು ಇಂಥದೇ ಹುಣ್ಣಿನಿಂದ.

"ಅತ್ತೆ, ಆಸ್ಪತ್ರೆಗೆ ಹೋಗೋಣ."

"ನನ್ನ ಹೆಣ ಹೋಗ್ಬೇಕು ಅಲ್ಲಿಗೆ," ಅಂದಳು ಅತ್ತೆ.

ಅತ್ತೆಯದು ಹಟ ಎಂದು ನೀವು ಅಂದುಕೊಳ್ಳಬಹುದು. ಹಟವಲ್ಲ, ಅವಮಾನ. ಹಿಂದೊಮ್ಮೆ ಅವಳು ಕೂಲಿ ಬಿಟ್ಟು, ಎರಡು ಬಸ್ಸು ಬದಲಿಸಿ ದೊಡ್ಡಾಸ್ಪತ್ರೆಗೆ ಹೋಗಿದ್ದಳು. ಬೇರೆ ಏನಾದರೂ ತಗೊಳ್ಳುತ್ತೀಯಾ ಎಂದು ಅಲ್ಲಿನ ಡಾಕ್ಟರು ಕೇಳಿದಾಗ, ಸಕ್ಕರೆಗೆ ಒಂದು ಸೊಪ್ಪಿನ ಕಷಾಯ ಕುಡೀತೀನಿ ಸ್ವಾಮಿ ಎಂದು ನಿಜ ಹೇಳಿದಳು. "ಸೊಪ್ಪು ತಿನ್ನೋರಿಗೆ ನಾನ್ಯಾಕೆ, ದನದ ಡಾಕ್ಟರ ಹತ್ರ ಹೋಗಿ," ಎಂದು ಆತ ನಕ್ಕ. ಸಾಲಿನಲ್ಲಿ ನಿಂತವರೂ ನಕ್ಕರು. ಅವತ್ತಿನಿಂದ ಅತ್ತೆ ಯಾವ ಡಾಕ್ಟರ ಮುಂದೆಯೂ ಬಾಯಿ ಬಿಟ್ಟಿಲ್ಲ.

ಆಮೇಲೆ ಬಂದ ಪುಡಿಯವನು, ನೋವಿಗೆ ಪುಡಿ ಮಾರುವವನು. ಹೆಗಲಿಗೊಂದು ಚೀಲ, ಬಾಯಲ್ಲಿ ಬೆಲ್ಲ. ಅತ್ತೆಯ ಎದುರು ನೆಲದ ಮೇಲೆ ಕೂತು, "ಮಂಡಿ ಎಲ್ಲಿ ನೋಯುತ್ತಮ್ಮಾ?" ಎಂದು ಕೇಳಿದ. ಬರೀ ಬೇರು ನಾರು ಎಂದು ಆಣೆಯಿಟ್ಟ. ಪುಡಿ ತಿಂದ ಸ್ವಲ್ಪ ಹೊತ್ತಿಗೇ ಮಂಡಿ ಹಗುರಾಯಿತು. ಕೆಲವೇ ವಾರಕ್ಕೆ ಅತ್ತೆಯ ಮುಖ ದುಂಡಗಾಗಿ ತುಂಬಿಕೊಂಡಿತು. "ಸೊಸೆ ಕೈಯ ಊಟ ಚೆನ್ನಾಗೇ ಹಿಡಿಸಿದೆ," ಎಂದು ಮಡಿಚುವವರೆಲ್ಲ ಚೇಷ್ಟೆ ಮಾಡಿದರು. ತಾನು ಕಂಡ ಸುಖ ಉಳಿದವರೂ ಕಾಣಲಿ ಎಂದು ಅತ್ತೆ ಅರ್ಧ ಪುಡಿಯನ್ನು ಆ ಡಬ್ಬಿಗೆ ಸುರಿದಳು. ನೋಡಿ, ಓದಿದವನು ಹೀಯಾಳಿಸುತ್ತಾನೆ, ಮೋಸಗಾರ ಅಮ್ಮಾ ಅನ್ನುತ್ತಾನೆ. ಹೀಗಿರುವಾಗ ಬಡವರು ಎಲ್ಲಿಗೆ ಹೋಗಬೇಕು?

ಕಪ್ಪಾದ ಗಾಯ ಕಂಡ ಸೊಸೆ ತನ್ನ ಸಂಕಟವನ್ನು ಬೀದಿಯ ನರ್ಸಕ್ಕನ ಹತ್ತಿರ ತೋಡಿಕೊಂಡಳು. ನರ್ಸಕ್ಕ ಎಂದರೆ ಮನೆಮನೆಗೆ ಬಂದು ಮಕ್ಕಳಿಗೆ ಲಸಿಕೆ ಹಾಕುವಾಕೆ. ಅವಳು ಆ ಸಂಜೆಯೇ ಬಂದು ಅತ್ತೆಯ ಪಕ್ಕ ಕೂತಳು.

"ಅಮ್ಮ, ಹಳೇ ಗೋದಾಮಲ್ಲಿ ಹೊಸ ದವಾಖಾನೆ ಶುರುವಾಗಿದೆ. ಇಂಗ್ಲಿಷ್ ಔಷಧದ ಡಾಕ್ಟರೂ ಇದ್ದಾರೆ, ಗಿಡಮೂಲಿಕೆ ಕಲಿತು ಪಾಸಾದ ವೈದ್ಯೆನೂ ಇದ್ದಾರೆ. ಇಬ್ಬರೂ ಒಂದೇ ಮೇಜಲ್ಲಿ ಕೂತು ನೋಡ್ತಾರೆ."

"ಒಬ್ಬರು ಬೈದರೆ ಸಾಲ್ದು ಅಂತ ಇಬ್ಬರನ್ನ ಇಟ್ಟಿದ್ದಾರಾ?"

"ಬೈದರೆ ನನ್ನನ್ನ ಕೇಳಿ."

"ಖರ್ಚು?"

"ದೊಡ್ಡಾಸ್ಪತ್ರೆಗೆ ಹೋಗೋ ಬಸ್ ಚಾರ್ಜಿಗಿಂತ ಕಮ್ಮಿ. ಸಂಜೆ ಕೆಲಸ ಬಿಟ್ಟ ಮೇಲೂ ತೆಗೆದಿರ್ತಾರೆ, ಕೂಲಿ ಹೋಗಲ್ಲ. ಒಂದೇ ಮಾತು, ನೀವು ನುಂಗೋದು, ಕುಡಿಯೋದು, ಹಚ್ಚೋದು, ಎಲ್ಲಾನೂ ಒಂದು ಚೀಲದಲ್ಲಿ ತನ್ನಿ. ಏನನ್ನೂ ಬಚ್ಚಿಡಬೇಡಿ."

ಅತ್ತೆ ಮುಖ ತಿರುಗಿಸಿದಳು. "ಹಿತ್ತಲ ಗಿಡ ಮದ್ದಲ್ಲ ಅನ್ನೋರ ಮುಂದೆ ನನ್ನ ಚೀಲ ಬಿಚ್ಚಿ ಇನ್ನೊಂದು ಸಲ ನಗಿಸ್ಕೊಳ್ಳಲಾ?"

ಸೊಸೆಗೆ ತಡೆಯಲಾಗಲಿಲ್ಲ. "ನಕ್ಕರೆ ನಾನು ಜಗಳ ಆಡ್ತೀನಿ ಅತ್ತೆ. ಆದ್ರೆ ನಿಮ್ಮ ಕಾಲು ಹೋದ್ರೆ ಯಾರ ಜೊತೆ ಜಗಳ ಆಡ್ಲಿ?" ಹೇಳುತ್ತಲೇ ಅತ್ತುಬಿಟ್ಟಳು. ಇಸ್ತ್ರಿಯ ಕಾವಿಗೂ ಕರಗದ ಸೊಸೆ ಅಳುವುದನ್ನು ಅತ್ತೆ ಅವತ್ತೇ ಮೊದಲು ನೋಡಿದ್ದು. ಎದ್ದು ಚಪ್ಪಲಿ ಹುಡುಕಿದಳು. ನರ್ಸಕ್ಕನೂ ಜೊತೆಗೆ ಹೊರಟಳು.

ಗೋದಾಮಿನ ಕೋಣೆಗೆ ಹೊಸದಾಗಿ ಸುಣ್ಣ ಬಳಿದಿದ್ದರು. ಸೊಸೆ ಚೀಲವನ್ನು ಮೇಜಿನ ಮೇಲೆ ಸುರಿದಳು. ಸಕ್ಕರೆ ಕಾಯಿಲೆಗೆ ದೊಡ್ಡಾಸ್ಪತ್ರೆಯವರು ಬರೆದುಕೊಟ್ಟ ಮಾತ್ರೆ, ಒಣಸೊಪ್ಪಿನ ಕಟ್ಟು, ಪುಡಿಯ ಪೊಟ್ಟಣ, ನೋವಿನ ಡಬ್ಬಿಯಿಂದ ತೆಗೆದ ಹೆಸರಿಲ್ಲದ ಮಾತ್ರೆಗಳು. ಯಾರೂ ನಗಲಿಲ್ಲ. ಡಾಕ್ಟರು ಮೊದಲು ಬಗ್ಗಿ ಅತ್ತೆಯ ಕಾಲನ್ನೇ ಕೈಯಲ್ಲಿ ಹಿಡಿದು ನೋಡಿದರು.

ವೈದ್ಯೆ ಸೊಪ್ಪನ್ನು ಗುರುತು ಹಿಡಿದರು. "ಈ ಸೊಪ್ಪೂ ಸಕ್ಕರೆ ಇಳಿಸಬಹುದಮ್ಮ. ಮಾತ್ರೆ ಜೊತೆ ಸೇರಿದ್ರೆ ಬೇಕಾದ್ದಕ್ಕಿಂತ ಜಾಸ್ತಿ ಇಳಿದು ತಲೆ ಸುತ್ತಿ ಬೀಳ್ತೀರಿ. ಅದಕ್ಕೇ ನಮಗೆ ಹೇಳ್ಬೇಕು."

"ಹೇಳಿದ್ದೆನಲ್ಲ, ತಾಯಿ. ಹೇಳಿದ್ದಕ್ಕೇ ಉಗಿದರು," ಅಂದಳು ಅತ್ತೆ.

"ಅದು ಅವರ ತಪ್ಪು, ನಿಮ್ಮದಲ್ಲ," ಅಂದರು ಡಾಕ್ಟರು.

ಆಮೇಲೆ ವೈದ್ಯೆ ಪುಡಿಯ ಪೊಟ್ಟಣ ಬಿಚ್ಚಿದರು. ನೋವು ಎಷ್ಟು ಹೊತ್ತಿಗೆ ಹೋಗುತ್ತದೆ ಎಂದು ಕೇಳಿದರು. ಅತ್ತೆಯ ಉತ್ತರ ಕೇಳಿ ಅವರ ಮುಖ ಕೆಂಪಾಯಿತು. "ಯಾವ ಬೇರೂ ಸವೆದ ಮಂಡೀನ ಇಷ್ಟು ಬೇಗ ಸುಮ್ಮನಾಗಿಸಲ್ಲ. ನಮ್ಮ ವಿದ್ಯೆಯ ಹೆಸರು ಹೇಳ್ಕೊಂಡು ಇದರಲ್ಲಿ ಬೇರೇನೋ ಬೆರೆಸಿದ್ದಾರೆ."

ಡಾಕ್ಟರು ಅತ್ತೆಯ ದುಂಡು ಮುಖವನ್ನೂ ಬಡಕಲು ತೋಳನ್ನೂ ನೋಡಿದರು. "ಸ್ಟೀರಾಯ್ಡ್ ಇರೋ ಹಾಗಿದೆ. ಪರೀಕ್ಷೆಗೆ ಕಳಿಸ್ತೀವಿ. ಅದು ನೋವನ್ನ ಮುಚ್ಚುತ್ತೆ, ಒಳಗೆ ಸಕ್ಕರೆ ಏರಿಸುತ್ತೆ, ಗಾಯ ಒಣಗೋಕೆ ಬಿಡಲ್ಲ. ಈ ಮುಖ ತುಂಬಿರೋದು ಊಟದಿಂದಲ್ಲ, ಬಾವು."

ಸೊಸೆಯ ಸಿಟ್ಟು ನೆತ್ತಿಗೇರಿತು. ಆ ಚೇಷ್ಟೆಗೆ ನಕ್ಕವರಲ್ಲಿ ತಾನೂ ಇದ್ದಳಲ್ಲ. ಪೊಟ್ಟಣ ಕಿತ್ತುಕೊಂಡು, "ಇವತ್ತಿಂದ ಒಂದು ಚಿಟಿಕೆನೂ ಮುಟ್ಟಕೂಡದು, ಚರಂಡಿಗೆ ಹಾಕ್ತೀನಿ," ಎಂದು ಬಾಗಿಲಿಗೆ ನಡೆದಳು. ನರ್ಸಕ್ಕ ಅಡ್ಡ ನಿಂತಳು.

"ನಿಲ್ಲು. ಕೋಪದಲ್ಲಿ ಕೊಯ್ದ ಮೂಗು ಆಮೇಲೆ ಬರಲ್ಲ. ಇಂಥದನ್ನ ತುಂಬ ದಿನ ತಿಂದವರು ಒಮ್ಮೆಗೇ ಬಿಟ್ಟರೆ ಜೀವಕ್ಕೇ ಅಪಾಯ."

"ಹೌದು," ಅಂದರು ಡಾಕ್ಟರು. "ಪುಡಿ ಬದಲು ಅದೇ ಮದ್ದನ್ನ ನಾನು ಅಳತೆ ಮಾಡಿ ಮಾತ್ರೆಯಾಗಿ ಕೊಡ್ತೀನಿ. ಮೆಟ್ಟಿಲು ಇಳಿದ ಹಾಗೆ ನಿಧಾನಕ್ಕೆ ಕಮ್ಮಿ ಮಾಡೋಣ." ಅರ್ಧ ಪುಡಿಯನ್ನು ಕಾರ್ಖಾನೆಯ ಡಬ್ಬಿಗೆ ಸುರಿದಿದ್ದನ್ನು ಅತ್ತೆ ಹೇಳಿದಳು. "ಆ ಡಬ್ಬಿಯಿಂದ ತಿಂದವರನ್ನೆಲ್ಲ ಕರ್ಕೊಂಡು ಬನ್ನಿ."

ಪರೀಕ್ಷೆಯಲ್ಲಿ ಅವರ ಅನುಮಾನ ನಿಜವಾಯಿತು. ಡಬ್ಬಿಯಿಂದ ತಿಂದಿದ್ದವರನ್ನೂ ಸೊಸೆ ದವಾಖಾನೆಗೆ ಕರೆತಂದಳು. ದಿನ ಬಿಟ್ಟು ದಿನ ಅತ್ತೆಯ ಗಾಯ ತೊಳೆದು ಔಷಧ ಕಟ್ಟಿದರು. ಸಕ್ಕರೆಗೆ ಡಾಕ್ಟರ ಮಾತ್ರೆ, ಮಂಡಿಗೆ ವೈದ್ಯೆಯ ಎಣ್ಣೆ ಮತ್ತು ಕೂತಲ್ಲೇ ಮಾಡುವ ವ್ಯಾಯಾಮ. ಒಬ್ಬರು ಕೊಡುವುದನ್ನು ಇನ್ನೊಬ್ಬರು ಕೇಳಿಯೇ ಕೊಡುತ್ತಿದ್ದರು. ಮಂಡಿನೋವು ಪೂರ್ತಿ ಹೋಗಲಿಲ್ಲ, ಸುಳ್ಳು ಯಾಕೆ ಹೇಳಲಿ. ಆದರೆ ಹುಣ್ಣು ಒಣಗಿತು. ಕಾಲು ಉಳಿಯಿತು.

ಪುಡಿಯವನು ಮತ್ತೆ ಬಂದ. ಅತ್ತೆ ಅವನಿಗೆ ಸ್ಟೂಲು ಹಾಕಿ ಕೂರಿಸಿ, ಒಂದು ಚಮಚ ಪುಡಿ, ಒಂದು ಲೋಟ ನೀರು ಮುಂದಿಟ್ಟಳು.

"ತಿನ್ನಪ್ಪ. ಬೇರು ನಾರು ತಾನೆ."

"ನನಗೆ ಮಂಡಿನೋವು ಇಲ್ಲಮ್ಮಾ."

"ಬರುತ್ತೆ, ಕೂತ್ಕೋ. ನರ್ಸಕ್ಕ ಔಷಧ ಇಲಾಖೆಯವರನ್ನ ಕರ್ಕೊಂಡು ಬರ್ತಿದ್ದಾಳೆ."

ಅವನು ಚೀಲವನ್ನೂ ಬಿಟ್ಟು ಓಡಿದ. ಚೀಲ ಇಲಾಖೆಯವರ ಕೈ ಸೇರಿತು, ದೂರು ದಾಖಲಾಯಿತು. ನೋವಿನ ಡಬ್ಬಿಯಲ್ಲಿ ಈಗ ಚಾದರಗಳಲ್ಲಿ ಸಿಕ್ಕ ಅಂಗಿ ಗುಂಡಿಗಳಿವೆ.

ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಕೆಲಸದ ಜಾಗದಲ್ಲೂ ಇಂಥ ಡಬ್ಬಿ ಇದ್ದೀತು. ಒಬ್ಬರ ಮದ್ದು ಇನ್ನೊಬ್ಬರಿಗೆ ಕೊಡಬೇಡಿ. ಹೆಸರಿಲ್ಲದ ಪುಡಿ ಕೊಳ್ಳಬೇಡಿ. ಈಗಾಗಲೇ ತಿನ್ನುತ್ತಿದ್ದರೆ ನಿಮ್ಮಷ್ಟಕ್ಕೆ ನಿಲ್ಲಿಸದೆ ಕೂಡಲೇ ಡಾಕ್ಟರಿಗೆ ತೋರಿಸಿ. ಸೊಪ್ಪಿರಲಿ, ಮಾತ್ರೆಯಿರಲಿ, ಎಲ್ಲವನ್ನೂ ಚೀಲದಲ್ಲಿ ಒಯ್ದು ಮೇಜಿನ ಮೇಲೆ ಸುರಿಯಿರಿ. ನಿಮ್ಮ ಬೀದಿಗೂ ಇಂಥ ದವಾಖಾನೆ ಬೇಕೆಂದು ನೀವು ಓಟು ಹಾಕಿದವರನ್ನು ಕೇಳಿ, ಗಟ್ಟಿಯಾಗಿ ಕೇಳಿ. ಯಾರಾದರೂ ನಿಮ್ಮ ಚೀಲ ನೋಡಿ ನಕ್ಕರೆ ತಲೆ ತಗ್ಗಿಸಬೇಡಿ. ನಾಚಬೇಕಾದವರು ನಗುವವರು, ನೀವಲ್ಲ.