ಹುಲಿಕಲ್ಲಿನ ದಾರಿ

“ಹಿತ್ತಲ ಗಿಡ ಮದ್ದಲ್ಲ ಅಂತಾರೆ, ಕತೆ ಹೌದು! ಗಾದೆ ಸುಳ್ಳಾದರೂ ಕತೆ ಸುಳ್ಳಾಗದು! ಬಾಯ್ಮುಚ್ಚಿ ಕೇಳ್ರೋ, ನಡೆದದ್ದನ್ನೇ ಹೇಳ್ತೀನಿ,” ಎಂದು ಶವಪೆಟ್ಟಿಗೆಯ ಮುಂದಿನ ಮೂಲೆಗೆ ಹೆಗಲು ಕೊಟ್ಟಿದ್ದ ಮಂಜುನಾಥ್, ಪೆಟ್ಟಿಗೆಯೊಳಗಿದ್ದ ಕ್ಯಾರೋಲಿನ್ ಟೀಚರ ದನಿಯಲ್ಲೇ ಮೂಗಿನಿಂದ ಹೇಳಿದ. ಹಿಂದಿನವರು ನಗು ನುಂಗಲು ಹೋಗಿ ಹೆಜ್ಜೆ ತಪ್ಪಿದರು.

“ಲೋ, ಬೀಳಿಸ್ಬುಟ್ಟೀರ! ಟೀಚರು ಎದ್ದು ಬಂದು ಕಿವಿ ಹಿಂಡ್ತಾರೆ,” ಎಂದಳು ಎಸ್ಟೇಟ್ ಕೂಲಿಗಳ ಲೈನ್ ಮನೆಯ ನಂಜಮ್ಮ.

ಮಂಜುನಾಥ್ ಈಗ ಬಾಳ್ಳುಪೇಟೆಯಲ್ಲಿ ಆಟೋ ಓಡಿಸುತ್ತಾನೆ. ಮೂರನೇ ಕ್ಲಾಸಿನಲ್ಲಿ ಟೀಚರ ದನಿ ಅಣಕಿಸಿ ಸಿಕ್ಕಿಬಿದ್ದಾಗ ಅವರು ಹೊಡೆದಿರಲಿಲ್ಲ. “ಮೂಗು ಇನ್ನೂ ಸ್ವಲ್ಪ ಬೇಕು,” ಎಂದು ತಿದ್ದಿದ್ದರು.

ಮೆರವಣಿಗೆಯ ಪಕ್ಕದಲ್ಲೇ ತಿಮ್ಮಯ್ಯಗೌಡರು ಫೋನ್ ಎತ್ತಿ ಹಿಡಿದು ವಿಡಿಯೋ ಮಾಡುತ್ತ ಬರುತ್ತಿದ್ದರು. ಟೀಚರ ಮನೆಯಿಂದ ಇಗರ್ಜಿಗೆ ಹೋಗುವ ಈ ಕಾಲುದಾರಿ ಅವರ ಕಾಫಿ ತೋಟದ ನಡುವೆ ಹಾದಿದೆ. “ನೋಡಿ, ಇದು ನಾನು ಬಿಟ್ಟಿದ್ದಕ್ಕೆ ಹೋಗ್ತಾ ಇರೋದು. ಇವತ್ತೊಂದು ದಿನ,” ಎಂದು ಫೋನಿಗೆ ವರದಿ ಒಪ್ಪಿಸಿದರು. “ಹೆಣ ಹೋದ ದಾರಿ ರೂಢಿ ದಾರಿ ಅಂತ ನಾಳೆ ಯಾರೂ ಅನ್ನಂಗಿಲ್ಲ.”

“ಟೀಚರ್ ಕೈಲೂ ಒಂದ್ ಸೈನ್ ಹಾಕಿಸ್ಕಳಿ ಗೌಡ್ರೆ. ಇನ್ನೂ ಮೊಳೆ ಹೊಡ್ದಿಲ್ಲ,” ಎಂದ ಮಂಜುನಾಥ್.

“ಅವರ ಸೈನ್ ನಂಬಕಾಯ್ತದೇನೋ? ಪುಸ್ತಕ ಬರೆದೇ ದಾರಿ ಹೊಡ್ಕಂಡೋರು!”

ದಾರಿಯ ಬಾಯಲ್ಲಿ ಮುಳ್ಳುತಂತಿಯ ನಾಲ್ಕು ಸುರುಳಿಗಳು ಬಿದ್ದಿದ್ದವು. ಕಾವಲಿಗೆ ಗೌಡರ ಆಳು ಸಿದ್ದಯ್ಯ, ಕೈಯಲ್ಲಿ ಹಾರೆ. ಟೀಚರು ತೀರಿಕೊಂಡ ಮರುದಿನವೇ ತಂತಿ ಬಂದಿತ್ತು. ನಾಳೆ ಬೇಲಿ ಎದ್ದರೆ ಲೈನಿನ ಮಕ್ಕಳು ಮತ್ತೆ ಹೆದ್ದಾರಿಯ ಅಂಚಿನಲ್ಲಿ, ಲಾರಿಗಳ ಗಾಳಿಗೆ ತೂರಾಡುತ್ತ ಶಾಲೆಗೆ ಹೋಗಬೇಕು. ಅದು ಮೆರವಣಿಗೆಯಲ್ಲಿದ್ದ ಎಲ್ಲರಿಗೂ ಗೊತ್ತಿತ್ತು.

*

ಹತ್ತೊಂಬತ್ತು ವರ್ಷದ ಹಿಂದೆ ಟೀಚರು ‘ನನ್ನ ಊರು’ ಎಂದು ಪ್ರಬಂಧ ಬರೆಸಿದ್ದರು. ಮೂವತ್ತೊಂದು ಮಕ್ಕಳ ಊರಿನಲ್ಲೂ ತೆಂಗಿನ ಸಾಲು, ಕಡಲ ತೀರ. ಎಲ್ಲರೂ ಗೈಡು ನೋಡಿ ಬರೆದಿದ್ದರು.

“ಎಡಕುಮೇರಿ ರೈಲು ಸುರಂಗದಾಚೆ, ಘಟ್ಟದ ಕೆಳಗಿರೋ ಕಡಲು ನಿಮ್ಮ ಲೈನ್ ಮನೆ ಮುಂದೆ ಹೆಂಗೆ ಬಂತೋ?” ಎಂದು ಟೀಚರು ಕೇಳಿದ್ದರು.

“ನಮ್ಮೂರಲ್ಲಿ ಬರೆಯೋವಂಥದ್ದು ಏನೈತೆ ಟೀಚರ್?” ಎಂದಿದ್ದ ಮಂಜುನಾಥ್. “ಕತೆಗಳಲ್ಲಿ ಹಿಮ ಬೀಳ್ತದೆ, ಅರಮನೆ ಇರ್ತದೆ. ನಮ್ಮಲ್ಲಿ ಬರೀ ಜಿಗಣೆ.”

ಆ ಬೇಸಿಗೆಯಲ್ಲಿ ಟೀಚರು ಕತೆ ಬರೆದರು. ಲೈನಿನ ನಾಲ್ಕು ಮಕ್ಕಳು ತೋಟದೊಳಗಿನ ದಾರಿ ಹಿಡಿದು ಶಾಲೆಗೆ ಹೋಗುತ್ತಾರೆ, ನಡುವೆ ಹುಲಿಕಲ್ಲು, ಅದಕ್ಕೊಂದು ಹೂವಿಟ್ಟವರನ್ನು ಚಿರತೆಯೂ ಮುಟ್ಟದು, ಸಾಹುಕಾರರ ನಾಯಿಯೂ ಮುಟ್ಟದು. ಊರಿನ ಹೆಸರು ತೆಗೆಯಿರಿ, ಎಲ್ಲ ಕಡೆಯ ಮಕ್ಕಳಿಗೂ ಅರ್ಥವಾಗಬೇಕು ಎಂದು ಪ್ರಕಾಶಕರು ಪತ್ರ ಬರೆದರು. “ನಮ್ಮ ಮಕ್ಕಳು ಹಿಮ ಅರ್ಥ ಮಾಡಿಕೊಂಡಿವೆ. ನಿಮ್ಮವು ಜಿಗಣೆ ಅರ್ಥ ಮಾಡಿಕೊಳ್ಳಲಿ,” ಎಂದು ಟೀಚರು ಕಾರ್ಡು ಹಾಕಿದರು.

ಪುಸ್ತಕ ಬಂದ ವಾರಕ್ಕೆ ಮಕ್ಕಳು ಹೂವು ಹಿಡಿದು ತೋಟಕ್ಕೆ ನುಗ್ಗಿದವು. ಕಲ್ಲು ಕತೆಯಲ್ಲಿ ಹೇಳಿದ ಜಾಗದಲ್ಲೇ ಇತ್ತು. ಅಟ್ಟಲು ಬಂದ ತಿಮ್ಮಯ್ಯಗೌಡರು ಕಲ್ಲನ್ನು ನೋಡಿದರು, ಪುಸ್ತಕವನ್ನು ನೋಡಿದರು. ಅಚ್ಚಿನಲ್ಲಿ ಬಂದ ಕಲ್ಲು ತಮ್ಮ ತೋಟದ್ದು! ಸಂಜೆಗೆ ಬಾಳ್ಳುಪೇಟೆಯ ಹೋಟೆಲಿನಲ್ಲಿ ಕೂತು, “ನಮ್ಮಜ್ಜ ವರ್ಷಾ ಅಲ್ಲಿ ಕೋಳಿ ಕುಯ್ತಿದ್ದರು ಕಣ್ರೀ. ನಾನೇ ಕಣ್ಣಾರೆ ನೋಡಿದೀನಿ,” ಎಂದುಬಿಟ್ಟರು. ಹಾಗೆಂದ ಮೇಲೆ ಕುಯ್ಯದಿರಲು ಆದೀತೆ? ದೇವರಿಗೆ ಬರುವವರಿಗೆ ದಾರಿ ಮುಚ್ಚಲಾದೀತೆ?

*

ಹುಲಿಕಲ್ಲಿನ ಹತ್ತಿರ ಹೆಗಲು ಬದಲಿಸಲು ಪೆಟ್ಟಿಗೆಯನ್ನು ಇಳಿಸಿದರು. ಸಿದ್ದಯ್ಯನೂ ಹಾರೆ ಹಿಡಿದು ಹಿಂದೆಯೇ ಬಂದಿದ್ದ. ಈ ಸಲದ ಮಳೆಗೆ ಮಣ್ಣು ಕೊಚ್ಚಿ ಕಲ್ಲು ವಾಲಿತ್ತು. ತಿಮ್ಮಯ್ಯಗೌಡರು ಫೋನನ್ನು ಜೇಬಿಗಿಟ್ಟು, ಟೀಚರ ಮಗಳು ಅನಿಶಾಳ ಎದುರು ನಿಂತರು.

“ಸಾವಿನ ಮನೇಲಿ ಕೇಳಬಾರದು ಕಣಮ್ಮ. ಆದ್ರೂ ಕೇಳ್ತೀನಿ. ಇದರ ಅಡಿ ಕೈ ಹಾಕಿ ನೋಡಿದೆ. ಗುಂಡಗೆ, ನುಣ್ಣಗೆ ಒಂದು ಗುಳಿ ಐತೆ. ದೇವರ ಹೊಟ್ಟೇಲಿ ಗುಳಿ ಯಾಕೆ?”

ಅನಿಶಾ ಕಲ್ಲನ್ನು ನೋಡಿದಳು. ನಂಜಮ್ಮನನ್ನು ನೋಡಿದಳು. ನಂಜಮ್ಮ ‘ಬೇಡ’ ಎಂಬಂತೆ ತಲೆಯಾಡಿಸುತ್ತಿದ್ದಳು. ಗೊತ್ತಿಲ್ಲ ಎಂದರೆ ಸಾಕಿತ್ತು. ಆದರೆ ಕಾಲ ಬುಡದಲ್ಲಿ ಅಮ್ಮ ಮಲಗಿದ್ದರು.

“ಅದು ನಮ್ಮನೆ ರುಬ್ಬುಗಲ್ಲು ಅಂಕಲ್. ಅಂಚು ಒಡೆದಿತ್ತು. ಪುಸ್ತಕ ಬರೋಕೆ ಮುಂಚೆ ಅಮ್ಮ ಜೀಪಲ್ಲಿ ತಂದು ಕವುಚಿ ಹಾಕಿದ್ರು. ಆಗ ನಂಗೆ ಹದಿನೈದು. ನಾನೂ ಕೈ ಕೊಟ್ಟಿದ್ದೆ.”

ನಂಜಮ್ಮ ಹಣೆ ಚಚ್ಚಿಕೊಂಡಳು.

“ಗೊತ್ತಿತ್ತು! ನಂಗೆ ಮೊದಲಿಂದ್ಲೂ ಅನುಮಾನ ಇತ್ತು,” ತಿಮ್ಮಯ್ಯಗೌಡರ ದನಿ ಏರಿತು. “ಸಿದ್ದಯ್ಯ! ತಂತಿ ಬಿಚ್ಚಿ ಬೇಲಿ ಎಳೆಯೋ!”

ಸಿದ್ದಯ್ಯ ಕದಲಲಿಲ್ಲ. ನಂಜಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿ ಮುಂದೆ ಬಂದಳು.

“ಬಿಚ್ಚಲಿ ಬಿಡಿ. ಒಂದ್ ಮಾತು ಗೌಡ್ರೆ. ಹಂಗಾರೆ ನಿಮ್ಮಜ್ಜ ಕೋಳಿ ಕುಯ್ತಿದ್ದದ್ದು ಯಾವ ಕಲ್ಲಿಗೆ?”

ಗೌಡರು ಬೆರಳು ಮಡಚಿ ಏನೋ ಎಣಿಸಿದರು. ಮಂಜುನಾಥ್ ಆಕಾಶ ನೋಡತೊಡಗಿದ. ಗೌಡರ ಹೆಗಲು ಕುಲುಕಿತು. ಟವಲು ಮುಖಕ್ಕೆ ಹೋಯಿತು. ಅಳುತ್ತಿದ್ದಾರೆ ಎಂದುಕೊಂಡು ಅನಿಶಾ ಕೈ ಚಾಚಿದಳು. ಟವಲಿನೊಳಗಿಂದ ಬಂದದ್ದು ನಗು.

“ಹತ್ತೊಂಬತ್ತು ಕೋಳಿ ಕಣಮ್ಮ!” ಅವರು ಕಣ್ಣೊರೆಸಿಕೊಂಡರು. “ಹತ್ತೊಂಬತ್ತು ನಾಟಿ ಕೋಳಿ, ಇಡ್ಲಿ ರುಬ್ಬೋ ಕಲ್ಲಿಗೆ! ಅದೂ ಆ ಯಮ್ಮ ಪ್ರತಿ ವರ್ಷ ಬಂದು ಪ್ರಸಾದ ಅಂತ ಸಾರು ಬೇರೆ ಇಸ್ಕಂಡು ಹೋಗೋರು!”

ಎಲ್ಲರೂ ನಕ್ಕರು. ಅನಿಶಾ ಅಳುತ್ತಲೇ ನಕ್ಕಳು. ಕಾಫಿ ಗಿಡಗಳ ಮೇಲೆ ಎಲ್ಲಕ್ಕಿಂತ ಜೋರಾಗಿ ಹಾಯುತ್ತಿದ್ದದ್ದು ಗೌಡರ ನಗೆಯೇ.

“ಗೌಡ್ರೆ, ತಂತಿ?” ಎಂದು ಸಿದ್ದಯ್ಯ ಕೇಳಿದ.

“ತಂತಿ ಸ್ಟೋರಿಗೆ ಎಸೆಯೋ. ಮೊದ್ಲು ಈ ಕಲ್ಲು ಸರಿಯಾಗಿ ಕೂರಿಸು. ಮಕ್ಕಳು ಬರೋ ಹೊತ್ತಾಯ್ತು.”

ಸಿದ್ದಯ್ಯ ಹಾರೆ ಹಾಕಿ ಕಲ್ಲನ್ನು ಮೀಟಿದ. “ಗುಳಿ ಮೇಲಕ್ಕೋ, ಕೆಳಕ್ಕೋ?”

“ಕೆಳಕ್ಕೆ ಕಣೋ ಮಾರಾಯ, ಕೆಳಕ್ಕೆ!”

ಮತ್ತೆ ನಗು ಉಕ್ಕಿತು. ಇಗರ್ಜಿಯ ಗಂಟೆ ಕರೆಯುತ್ತಿತ್ತು. ಗೌಡರು ಮಂಜುನಾಥನನ್ನು ಸರಿಸಿ ತಾವೇ ಹೆಗಲು ಕೊಟ್ಟರು. ನಗು ನಿಲ್ಲಲೊಲ್ಲದು. ಅವರ ಹೆಗಲು ಕುಲುಕಿದಾಗಲೆಲ್ಲ ಪೆಟ್ಟಿಗೆಯೂ ಕುಲುಕಿ, ಮೇಲಿದ್ದ ಸೇವಂತಿಗೆಗಳು ಒಂದೊಂದಾಗಿ ದಾರಿಯುದ್ದಕ್ಕೂ ಉದುರುತ್ತ ಹೋದವು.